ಆಳವಿಲ್ಲದ ಭೂಕಂಪನ ಅಲೆ ಸಮೀಕ್ಷೆ: ಕಡಿಮೆ ದಿನ, ಕಡಿಮೆ ಖರ್ಚಿನಲ್ಲಿ ಮಾಡುವ ಕ್ರಮ

ಕಟ್ಟಡದ ಪಾಯ, ಸಣ್ಣ ಸೇತುವೆ, ಕೆರೆ ಏರಿ, ರಸ್ತೆ ಅಗಲೀಕರಣ ಮುಂತಾದ ಕೆಲಸಗಳಿಗಾಗಿ ಮೇಲಿನ 20ರಿಂದ 30 ಮೀಟರ್ ನೆಲವನ್ನು ಸಮ್ಮಟಿಗೆಯ ಹೊಡೆತ ಮತ್ತು ನೆಲದ ಕಂಪನವನ್ನು ಗ್ರಹಿಸುವ ಜಿಯೋಫೋನುಗಳ ಸಾಲಿನಿಂದ ಪರೀಕ್ಷಿಸುವವರು ಒಂದೇ ಬಗೆಯ ತೊಂದರೆಯನ್ನು ಮತ್ತೆ ಮತ್ತೆ ಹೇಳುತ್ತಾರೆ. ಕ್ಷೇತ್ರದಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿರುತ್ತದೆ. ಕಚೇರಿಗೆ ಬಂದು ದತ್ತಾಂಶವನ್ನು ತೆರೆದಾಗ ಮಾತ್ರ ಆಳ ಸಾಲದು, ಹೊಡೆತದ ಕ್ಷಣವನ್ನು ಉಪಕರಣಕ್ಕೆ ತಿಳಿಸುವ ಟ್ರಿಗರ್ ತಪ್ಪಿದೆ, ಇಲ್ಲವೇ ಎದುರು ತುದಿಯಿಂದ ಹೊಡೆಯಬೇಕಾದ ತಿರುಗುಮುರುಗು ಹೊಡೆತವನ್ನೇ ಹೊಡೆದಿಲ್ಲ ಎಂಬುದು ತಿಳಿಯುತ್ತದೆ. ಆಮೇಲೆ ಅದೇ ಜಾಗಕ್ಕೆ ಅದೇ ತಂಡ ಇನ್ನೊಮ್ಮೆ ಹೋಗಬೇಕಾಗುತ್ತದೆ.

ಇಂತಹ ಸಮೀಕ್ಷೆಯಲ್ಲಿ ಹಣ ಪೋಲಾಗುವುದು ಮುಖ್ಯವಾಗಿ ಕಾಯುವುದರಲ್ಲಿ, ಸಾಲನ್ನು ಮರಳಿ ಹಾಸುವುದರಲ್ಲಿ ಮತ್ತು ಮರುಭೇಟಿಯಲ್ಲಿ. ಆದ್ದರಿಂದ ಕೆಳಗಿನ ಹಂತಗಳ ಗುರಿ ಒಂದೇ: ಸಾಲನ್ನು ಒಮ್ಮೆ ಹಾಸಬೇಕು, ಅದರಿಂದ ಎರಡು ಬಗೆಯ ದತ್ತಾಂಶವನ್ನು ತೆಗೆಯಬೇಕು, ದಾಖಲೆ ಸರಿಯಿದೆಯೆಂದು ಖಚಿತವಾಗುವ ಮೊದಲು ಒಂದು ಜಿಯೋಫೋನನ್ನೂ ಕೀಳಬಾರದು.

ಬೇಕಾಗುವ ಸಾಮಗ್ರಿ

24 ಚಾನೆಲ್‌ಗಳ ಸೀಸ್ಮೋಗ್ರಾಫ್ (ಕಂಪನವನ್ನು ದಾಖಲಿಸುವ ಉಪಕರಣ), 4.5 ಹರ್ಟ್ಸ್‌ನ 24 ಲಂಬ ಜಿಯೋಫೋನುಗಳು ಮತ್ತು ಕೈಯಲ್ಲಿ ಕನಿಷ್ಠ ಎರಡು ಹೆಚ್ಚುವರಿ ಜಿಯೋಫೋನುಗಳು, 2 ಮೀಟರ್‌ಗೊಂದು ಕೊಂಡಿಯಿರುವ ಕೇಬಲ್, 8 ಕಿಲೋ ತೂಕದ ಸಮ್ಮಟಿಗೆ, ಸುಮಾರು 30 ಸೆಂಟಿಮೀಟರ್ ಚೌಕದ ದಪ್ಪ ಲೋಹದ ಹಲಗೆ, ಎರಡು ಟ್ರಿಗರ್ ಸ್ವಿಚ್, 12 ವೋಲ್ಟ್‌ನ ಎರಡು ಬ್ಯಾಟರಿ, 100 ಮೀಟರ್ ಟೇಪ್, ಮಲ್ಟಿಮೀಟರ್, ಇನ್ಸುಲೇಷನ್ ಟೇಪ್ ಮತ್ತು ಕ್ಷೇತ್ರ ಪುಸ್ತಕ. ಸಮ್ಮಟಿಗೆ ಹಿಡಿಯುವವರಿಗೆ ಕಣ್ಣಿನ ರಕ್ಷಣೆಯ ಕನ್ನಡಕವನ್ನೂ ಕಿವಿಯ ಮುಚ್ಚಿಗೆಯನ್ನೂ ಕೊಡಲೇಬೇಕು, ಏಕೆಂದರೆ ಲೋಹದ ಹಲಗೆಯಿಂದ ಚೂರು ಸಿಡಿಯುವುದು ಅಪರೂಪವೇನಲ್ಲ.

ಉಪಕರಣವನ್ನು ಬಾಡಿಗೆಗೆ ತರುವವರು ಸಾಮಾನ್ಯವಾಗಿ ಚಾನೆಲ್‌ಗಳ ಸಂಖ್ಯೆಯನ್ನು ಮಾತ್ರ ನೋಡುತ್ತಾರೆ. ಜಿಯೋಫೋನಿನ ಸಹಜ ಆವೃತ್ತಿಯನ್ನು ಅದಕ್ಕಿಂತ ಮೊದಲು ನೋಡಬೇಕು. 14 ಅಥವಾ 28 ಹರ್ಟ್ಸ್‌ನ ಜಿಯೋಫೋನುಗಳು ವಕ್ರೀಭವನ ಸಮೀಕ್ಷೆಗೆ (ಕೆಳಗಿನ ಗಟ್ಟಿ ಪದರದಲ್ಲಿ ಬಾಗಿ ಮೇಲೆ ಬರುವ ಅಲೆಗಳ ಸಮೀಕ್ಷೆಗೆ) ಸಾಕಾದರೂ ನೆಲದ ಮೇಲ್ಭಾಗದಲ್ಲೇ ಸಾಗುವ ಮೇಲ್ಮೈ ಅಲೆಯ ಕೆಲಸಕ್ಕೆ ಆಗುವುದಿಲ್ಲ. ಆಳದ ಮಾಹಿತಿಯನ್ನು ಹೊತ್ತು ತರುವ ತಗ್ಗು ಆವೃತ್ತಿಗಳನ್ನು ಅವು ದುರ್ಬಲಗೊಳಿಸಿಬಿಡುತ್ತವೆ. 4.5 ಹರ್ಟ್ಸ್‌ನವು ಎರಡಕ್ಕೂ ಒದಗುತ್ತವೆ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ

ತಳಬಂಡೆ ಎಷ್ಟು ಆಳದಲ್ಲಿದೆ ಎಂಬುದು ಒಂದು ಪ್ರಶ್ನೆ. ನೆಲ ಎಷ್ಟು ಗಡುಸಾಗಿದೆ, ಭೂಕಂಪ ವಿನ್ಯಾಸಕ್ಕೆ ಯಾವ ವರ್ಗದಲ್ಲಿ ಬರುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಪಿ ಅಲೆಯ (ನೆಲವನ್ನು ಒತ್ತುತ್ತಾ ಹಿಗ್ಗಿಸುತ್ತಾ ಎಲ್ಲಕ್ಕಿಂತ ಮೊದಲು ತಲುಪುವ ಅಲೆಯ) ವಕ್ರೀಭವನ ವಿಧಾನ ಒಗ್ಗುತ್ತದೆ. ಎರಡನೆಯದಕ್ಕೆ ಮೇಲ್ಮೈ ಅಲೆಗಳಿಂದ ಎಸ್ ಅಲೆಯ (ನೆಲವನ್ನು ಅಡ್ಡಕ್ಕೆ ಅಲುಗಿಸುತ್ತಾ ಪಿ ಅಲೆಗಿಂತ ನಿಧಾನವಾಗಿ ಸಾಗುವ ಅಲೆಯ) ವೇಗವನ್ನು ಪಡೆಯುವ ಎಂಎಎಸ್‌ಡಬ್ಲ್ಯು (ಹಲವು ಚಾನೆಲ್‌ಗಳ ಮೇಲ್ಮೈ ಅಲೆ ವಿಶ್ಲೇಷಣೆ) ವಿಧಾನ ಬೇಕು. ಬೆಂಗಳೂರಿನ ಭೂಕಂಪ ಸೂಕ್ಷ್ಮವಲಯ ಅಧ್ಯಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಗರದ ಉದ್ದಗಲಕ್ಕೂ ಬಳಸಿದ್ದು ಇದೇ ವಿಧಾನವನ್ನು.

ಜಾಗದ ಸ್ವಭಾವವೂ ವಿಧಾನವನ್ನು ನಿರ್ಧರಿಸುತ್ತದೆ. ವಕ್ರೀಭವನ ವಿಧಾನ ಸರಿಯಾಗಿ ನಡೆಯಬೇಕಾದರೆ ಆಳಕ್ಕೆ ಹೋದಂತೆ ವೇಗ ಹೆಚ್ಚುತ್ತಾ ಹೋಗಬೇಕು. ಬೆಂಗಳೂರು, ಕೋಲಾರ, ತುಮಕೂರಿನ ಕೆಂಪುಮಣ್ಣು, ಅದರ ಕೆಳಗಿನ ಶಿಥಿಲ ಶಿಲೆ, ಅದಕ್ಕೂ ಕೆಳಗಿನ ಗಟ್ಟಿ ನೈಸ್ ಶಿಲೆ ಬಹುಪಾಲು ಈ ನಿಯಮಕ್ಕೆ ಒಳಪಡುತ್ತವೆ. ಕರಾವಳಿಯಲ್ಲಿ ಹಾಗಲ್ಲ. ದಕ್ಷಿಣ ಕನ್ನಡ, ಉಡುಪಿಯ ಅನೇಕ ಕಡೆ ಮೇಲೆ ಗಟ್ಟಿ ಮುರಕಲ್ಲು, ಅದರ ಅಡಿಯಲ್ಲಿ ಮೆತ್ತನೆಯ ಶೇಡಿ ಮಣ್ಣು ಇರುತ್ತದೆ. ಅಲ್ಲಿ ಶೇಡಿ ಪದರದಿಂದ ವಕ್ರೀಭವನಗೊಂಡ ಅಲೆ ಮೇಲಕ್ಕೆ ಬರುವುದೇ ಇಲ್ಲ. ಆ ಪದರ ಲೆಕ್ಕದಲ್ಲಿ ಕಾಣೆಯಾಗಿ, ತಳಬಂಡೆ ಇರುವುದಕ್ಕಿಂತ ಹೆಚ್ಚು ಆಳದಲ್ಲಿ ಇದ್ದಂತೆ ತೋರುತ್ತದೆ. ಮುರಕಲ್ಲಿನ ನೆಲದಲ್ಲಿ ವಕ್ರೀಭವನವೊಂದನ್ನೇ ನಂಬಿ ಪಾಯದ ತೀರ್ಮಾನ ಕೊಡುವುದು ಅಪಾಯಕಾರಿ.

ಹಂತ 2: ಸಾಲಿನ ಲೆಕ್ಕವನ್ನು ಕಾಗದದ ಮೇಲೆ ಮುಗಿಸಿ

ಮೇಲ್ಮೈ ಅಲೆಯ ಆಳವನ್ನು ಅಂದಾಜಿಸುವ ಸರಳ ಸೂತ್ರವೆಂದರೆ ತರಂಗಾಂತರದ ಅರ್ಧ. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗಾಂತರ ಸಿಗುತ್ತದೆ. 10 ಹರ್ಟ್ಸ್‌ನಲ್ಲಿ ಅಲೆಯ ವೇಗ ಸೆಕೆಂಡಿಗೆ 300 ಮೀಟರ್ ಇದ್ದರೆ ತರಂಗಾಂತರ 30 ಮೀಟರ್, ತಲುಪುವ ಆಳ ಸುಮಾರು 15 ಮೀಟರ್. ನಿಮಗೆ 30 ಮೀಟರ್ ಆಳವೇ ಬೇಕಿದ್ದು ನೆಲ ಇಷ್ಟೇ ಮೆತ್ತಗಿದ್ದರೆ 5 ಹರ್ಟ್ಸ್‌ವರೆಗೆ ಶಕ್ತಿ ಸಿಗಬೇಕು. 8 ಕಿಲೋ ಸಮ್ಮಟಿಗೆಯಿಂದ 10 ಹರ್ಟ್ಸ್‌ಗಿಂತ ಕೆಳಗೆ ಒಳ್ಳೆಯ ಶಕ್ತಿಯನ್ನು ನಿರೀಕ್ಷಿಸುವುದು ಕಷ್ಟ. ಈ ಒಂದು ಲೆಕ್ಕವನ್ನು ಮೊದಲೇ ಮಾಡಿದ್ದರೆ ಎಷ್ಟೋ ಮರುಭೇಟಿಗಳು ತಪ್ಪುತ್ತಿದ್ದವು. ಅಂತಹ ಜಾಗಕ್ಕೆ ಹಂತ 7ರ ಪ್ಯಾಸಿವ್ ದಾಖಲೆಯನ್ನು (ಹೊಡೆತವಿಲ್ಲದೆ, ಸುತ್ತಲಿನ ಗದ್ದಲದ ಕಂಪನವನ್ನೇ ದಾಖಲಿಸುವುದನ್ನು) ಮೊದಲ ದಿನದ ಯೋಜನೆಯಲ್ಲೇ ಸೇರಿಸಿಕೊಳ್ಳಬೇಕು.

ಸಾಲಿನ ಉದ್ದಕ್ಕೂ ಮಿತಿಯಿದೆ. ಸಾಲಿನ ಉದ್ದಕ್ಕಿಂತ ಬಹಳ ಹೆಚ್ಚಿನ ತರಂಗಾಂತರವನ್ನು ಆ ಸಾಲು ನಂಬಿಕೆಯಿಂದ ಅಳೆಯಲಾರದು. 2 ಮೀಟರ್ ಅಂತರದಲ್ಲಿ 24 ಜಿಯೋಫೋನ್ ನೆಟ್ಟರೆ ಸಾಲಿನ ಉದ್ದ 46 ಮೀಟರ್. ಆದ್ದರಿಂದ ಅದರ ಆಳದ ಮಿತಿ ಸುಮಾರು 23 ಮೀಟರ್. ವಕ್ರೀಭವನಕ್ಕಾದರೆ ಹೊಡೆತದಿಂದ ಕೊನೆಯ ಜಿಯೋಫೋನಿನವರೆಗಿನ ದೂರದ ನಾಲ್ಕನೇ ಒಂದರಿಂದ ಐದನೇ ಒಂದು ಭಾಗದಷ್ಟು ಆಳ ಎಂದು ಇಟ್ಟುಕೊಳ್ಳಬಹುದು.

ಈಗ ಒಂದೇ ಸಾಲಿನಿಂದ ಎರಡೂ ದತ್ತಾಂಶ ತೆಗೆಯುವ ಹೊಡೆತದ ಪಟ್ಟಿ. ಮೊದಲ ಜಿಯೋಫೋನನ್ನು 0 ಮೀಟರ್, ಕೊನೆಯದನ್ನು 46 ಮೀಟರ್ ಎಂದುಕೊಂಡರೆ ಹೊಡೆತದ ಸ್ಥಾನಗಳು –20, –10, –1, 23, 47, 56 ಮತ್ತು 66 ಮೀಟರ್. ಹತ್ತಿರದ –1 ಮತ್ತು 47 ಹಾಗೂ ನಡುವಿನ 23 ವಕ್ರೀಭವನಕ್ಕೆ ಮೇಲ್ಪದರದ ವೇಗವನ್ನು ಕೊಡುತ್ತವೆ. ದೂರದ ನಾಲ್ಕು ಹೊಡೆತಗಳು ಎರಡು ಕೆಲಸಕ್ಕೂ ಬರುತ್ತವೆ. ಎರಡೂ ತುದಿಯಿಂದ ಹೊಡೆಯುವುದನ್ನು ಬಿಡಬಾರದು. ಪದರ ಓರೆಯಾಗಿದ್ದರೆ ಒಂದೇ ದಿಕ್ಕಿನ ಹೊಡೆತ ಕೊಡುವ ವೇಗ ನಿಜವಾದ ವೇಗಕ್ಕಿಂತ ಹೆಚ್ಚಾಗಿಯೋ ಕಡಿಮೆಯಾಗಿಯೋ ಕಾಣುತ್ತದೆ, ಮತ್ತು ಅದನ್ನು ತಿದ್ದಲು ಎದುರು ದಿಕ್ಕಿನ ಹೊಡೆತವಿಲ್ಲದೆ ದಾರಿಯಿಲ್ಲ.

ದಾಖಲೆಯ ಸೆಟ್ಟಿಂಗ್ ಎರಡಕ್ಕೂ ಹೊಂದುವಂತೆ 0.25 ಮಿಲಿಸೆಕೆಂಡ್ ಮಾದರಿ ಅಂತರ, ಒಟ್ಟು 1 ಸೆಕೆಂಡ್ ಉದ್ದ ಇರಲಿ. ವಕ್ರೀಭವನಕ್ಕೆ ಸಾಕೆಂದು 0.25 ಸೆಕೆಂಡಿಗೇ ನಿಲ್ಲಿಸುವವರಿದ್ದಾರೆ. ಮೆತ್ತನೆಯ ನೆಲದಲ್ಲಿ ಮೇಲ್ಮೈ ಅಲೆ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಸಾಗಿದರೆ 66 ಮೀಟರ್ ದಾಟಲು 0.44 ಸೆಕೆಂಡ್ ಹಿಡಿಯುತ್ತದೆ. ಆ ಅಲೆ ದಾಖಲೆಗೆ ಬರುವ ಮೊದಲೇ ದಾಖಲೆ ಮುಗಿದುಹೋಗಿರುತ್ತದೆ.

ಹಂತ 3: ಹಿಂದಿನ ದಿನವೇ ತಪಾಸಣೆ ಮಾಡಿ

ಕೇಬಲ್ ಬಿಚ್ಚಿ, ಎಲ್ಲ ಜಿಯೋಫೋನುಗಳನ್ನೂ ಜೋಡಿಸಿ, ಅಂಗಳದಲ್ಲೇ ಒಂದೊಂದನ್ನೂ ಬೆರಳಿನಿಂದ ಮೆಲ್ಲಗೆ ತಟ್ಟಿ ಪರದೆಯ ಮೇಲೆ ಅದೇ ಚಾನೆಲ್ ಅಲುಗುತ್ತದೆಯೇ ನೋಡಬೇಕು. ಮಲ್ಟಿಮೀಟರ್‌ನಲ್ಲಿ ಪ್ರತಿಯೊಂದರ ರೋಧವನ್ನು ಅಳೆದಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಮೌಲ್ಯ ತೋರಿಸಬೇಕು. ಉಳಿದವುಗಳಿಂದ ದೂರ ಸರಿದ ಜಿಯೋಫೋನನ್ನು ಬದಿಗಿಡಿ. ಎರಡು ತಂತಿ ಅದಲುಬದಲಾಗಿ ಬೆಸುಗೆಯಾದ ಜಿಯೋಫೋನ್ ರೋಧದಲ್ಲಿ ಸಿಕ್ಕಿಬೀಳುವುದಿಲ್ಲ. ಎಲ್ಲವನ್ನೂ ಒಂದೆಡೆ ಒತ್ತೊತ್ತಾಗಿ ನಿಲ್ಲಿಸಿ ದೂರದಿಂದ ಒಮ್ಮೆ ಹೊಡೆದರೆ, ಎಲ್ಲವೂ ಮೇಲಕ್ಕೆ ಹೋಗುವಾಗ ಅದೊಂದು ಮಾತ್ರ ಕೆಳಕ್ಕೆ ಹೋಗುವುದು ಕಾಣುತ್ತದೆ.

ಹಳ್ಳಿಯ ಜಮೀನಿನಲ್ಲಿ ಕೆಲಸವಿದ್ದರೆ ತ್ರೀ ಫೇಸ್ ವಿದ್ಯುತ್ ಯಾವ ಹೊತ್ತಿಗೆ ಬರುತ್ತದೆ ಎಂದು ರೈತರನ್ನು ಕೇಳಿ ತಿಳಿದುಕೊಳ್ಳಿ. ಕರೆಂಟು ಬಂದೊಡನೆ ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಚಾಲೂ ಆಗುತ್ತವೆ. ಆ ಕಂಪನವೂ ತಂತಿಗಳ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯೂ ಮೊದಲ ಆಗಮನವನ್ನು, ಅಂದರೆ ಜಿಯೋಫೋನಿಗೆ ಅಲೆ ಮೊದಲು ತಲುಪಿದ ಕ್ಷಣದ ಗುರುತನ್ನು, ಮುಚ್ಚಿಬಿಡುತ್ತವೆ. ಹನಿ ನೀರಾವರಿಯ ಪೈಪುಗಳು ಎಲ್ಲೆಲ್ಲಿ ಹಾದುಹೋಗಿವೆ ಎಂಬುದನ್ನೂ ಆಗಲೇ ಕೇಳಬೇಕು. ಒಂದು ಪೈಪು ಒಡೆದರೆ ಉಳಿಸಿದ ಹಣವೆಲ್ಲ ಅಲ್ಲಿಗೇ ಹೋಗುತ್ತದೆ, ರೈತರ ವಿಶ್ವಾಸವೂ ಹೋಗುತ್ತದೆ.

ಹಂತ 4: ಸಾಲು ಹಾಸುವುದು ಮತ್ತು ಜಿಯೋಫೋನ್ ನೆಡುವುದು

ಟೇಪನ್ನು ನೇರವಾಗಿ ಎಳೆದು ಮೊದಲು ಹೊಡೆತದ ಏಳೂ ಸ್ಥಾನಗಳಿಗೆ ಗುರುತು ಹಾಕಿ. ಆಮೇಲೆ ಕೇಬಲ್ ಹರವಿ. ಈ ಕ್ರಮ ಹಿಂದುಮುಂದಾದರೆ ಹೊಡೆಯುವವರು ಪ್ರತಿ ಸಲವೂ ಟೇಪು ಹುಡುಕುತ್ತಾ ನಿಲ್ಲುತ್ತಾರೆ. ಒಬ್ಬರು ಉಪಕರಣದ ಬಳಿ, ಒಬ್ಬರು ಸಮ್ಮಟಿಗೆಗೆ, ಇಬ್ಬರು ಸಾಲಿಗೆ: ನಾಲ್ವರ ತಂಡ ಸಾಕು. ನೆಡುವ ಇಬ್ಬರೂ ಸಾಲಿನ ನಡುವಿನಿಂದ ಶುರು ಮಾಡಿ ಎರಡು ತುದಿಗಳ ಕಡೆಗೆ ಹೋದರೆ ಒಬ್ಬರು ನೆಟ್ಟದ್ದನ್ನು ಇನ್ನೊಬ್ಬರು ತುಳಿಯುವ ಸಂದರ್ಭ ಬರುವುದಿಲ್ಲ.

ತಗ್ಗು ಆವೃತ್ತಿಯ ಜಿಯೋಫೋನ್ ಓರೆಯಾಗುವುದನ್ನು ಸಹಿಸುವುದಿಲ್ಲ. ಒಳಗಿನ ಸುರುಳಿ ಸರಿಯಾಗಿ ತೂಗಬೇಕಾದರೆ ಅದು ಲಂಬವಾಗಿ ನಿಂತಿರಲೇಬೇಕು. ಮೇಲಿನ ಒಣಹುಲ್ಲನ್ನೂ ಸಡಿಲ ಮಣ್ಣನ್ನೂ ಕೈಯಿಂದ ಸರಿಸಿ, ಮೊಳೆ ಪೂರ್ತಿ ಒಳಗಿಳಿಯುವಂತೆ ಅಂಗೈಯಿಂದ ಒತ್ತಿ, ನಂತರ ಬೆರಳಿನಿಂದ ಅಲ್ಲಾಡಿಸಿ ನೋಡಿ. ಅಲುಗಾಡಿದರೆ ಒಂದು ಗೇಣು ಪಕ್ಕಕ್ಕೆ ನೆಡಿ. ಸಾಲಿನ ಉದ್ದದ ದಿಕ್ಕಿನಲ್ಲಿ ಮಾತ್ರ ಜರುಗಿಸಬೇಡಿ, ಸಾಲಿಗೆ ಅಡ್ಡಲಾಗಿ ಜರುಗಿಸಿ. ಆಗ ದೂರದ ಲೆಕ್ಕದಲ್ಲಿ ಆಗುವ ವ್ಯತ್ಯಾಸ ನಗಣ್ಯವಾಗಿರುತ್ತದೆ.

ವಿಜಯಪುರ, ಬಾಗಲಕೋಟೆ, ಕಲಬುರಗಿಯ ಎರೆಮಣ್ಣಿನಲ್ಲಿ ಬೇಸಿಗೆಯ ಕೆಲಸ ಬೇರೆಯೇ ಎಚ್ಚರಿಕೆಯನ್ನು ಬೇಡುತ್ತದೆ. ಒಣಗಿದ ಎರೆ ಬಿರುಕು ಬಿಟ್ಟು ಹೆಂಟೆಗಳಾಗಿ ಒಡೆದಿರುತ್ತದೆ, ಮತ್ತು ಹೆಂಟೆಯ ಮೇಲೆ ನೆಟ್ಟ ಜಿಯೋಫೋನ್ ನೆಲದ ಕಂಪನದ ಬದಲು ಆ ಹೆಂಟೆಯ ಕಂಪನವನ್ನು ದಾಖಲಿಸುತ್ತದೆ. ಗುದ್ದಲಿಯಿಂದ ಒಂದು ಗೇಣು ಅಗೆದು, ಕೆಳಗಿನ ತೇವದ ಮಣ್ಣಿನಲ್ಲಿ ನೆಡಬೇಕು. ಆಗುವುದಾದರೆ ಒಂದು ಹದವಾದ ಮಳೆಯ ನಂತರ ಕೆಲಸ ಇಟ್ಟುಕೊಳ್ಳುವುದೇ ಅಗ್ಗದ ಪರಿಹಾರ. ನೀರು ನಿಂತ ಹೊಲಕ್ಕೆ ಮಾತ್ರ ಇಳಿಯಬಾರದು, ಕೊಂಡಿಗಳಿಗೆ ತೇವ ತಗುಲಿದರೆ ಸೋರಿಕೆಯ ಗದ್ದಲ ಶುರುವಾಗುತ್ತದೆ.

ಹಂತ 5: ಹೊಡೆತ, ಟ್ರಿಗರ್, ಸ್ಟ್ಯಾಕ್

ಮೊದಲ ಎರಡು ಮೂರು ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವು ಹಲಗೆಯನ್ನು ನೆಲಕ್ಕೆ ಕೂರಿಸುವುದಕ್ಕಾಗಿ. ಹಲಗೆ ಕೂತ ನಂತರ ಪ್ರತಿ ಹೊಡೆತದ ಶಬ್ದವೂ ಒಂದೇ ರೀತಿಯಾಗುತ್ತದೆ, ಅನುಭವವಿರುವವರು ಕಿವಿಯಿಂದಲೇ ಇದನ್ನು ಗುರುತಿಸುತ್ತಾರೆ. ಸಮ್ಮಟಿಗೆ ಪುಟಿದು ಎರಡನೇ ಸಲ ಬಡಿದರೆ ಆ ದಾಖಲೆಯನ್ನು ತಿರಸ್ಕರಿಸಿ. ಮೆತ್ತನೆಯ ಮಣ್ಣಿನಲ್ಲಿ ಹಲಗೆ ಓರೆಯಾಗಿ ಇಳಿಯತೊಡಗಿದರೆ ಅದನ್ನು ಎತ್ತಿ ಪಕ್ಕದಲ್ಲಿ ಸಮತಟ್ಟು ಮಾಡಿ ಇಡಬೇಕು.

ಹಲವು ಹೊಡೆತಗಳನ್ನು ಕೂಡಿಸುವ ಸ್ಟ್ಯಾಕಿಂಗ್‌ನಲ್ಲಿ ಲಾಭ ವರ್ಗಮೂಲದ ಲೆಕ್ಕದಲ್ಲಿ ಬರುತ್ತದೆ. 4 ಹೊಡೆತಕ್ಕೆ ಸಂಕೇತ ಗದ್ದಲಕ್ಕಿಂತ ಎರಡು ಪಟ್ಟು ಮೇಲೇಳುತ್ತದೆ, 16 ಹೊಡೆತಕ್ಕೆ ನಾಲ್ಕು ಪಟ್ಟು. ನಾಲ್ಕರಿಂದ ಹದಿನಾರಕ್ಕೆ ಹೋಗಲು ಹನ್ನೆರಡು ಹೆಚ್ಚುವರಿ ಹೊಡೆತ ಬೇಕು, ಹೊಡೆಯುವವರ ತೋಳೂ ಸೋಲುತ್ತದೆ. ಹತ್ತಿರದ ಸ್ಥಾನಗಳಿಗೆ 3, ದೂರದವಕ್ಕೆ 6ರಿಂದ 8 ಹೊಡೆತ ಸಾಮಾನ್ಯವಾಗಿ ಸಾಕು. ಅಷ್ಟರಲ್ಲೂ ಸಂಕೇತ ಕಾಣದಿದ್ದರೆ ಇನ್ನಷ್ಟು ಹೊಡೆಯುವ ಬದಲು ಕಾರಣವನ್ನು ಹುಡುಕಿ. ಹಲಗೆ ಕೂತಿಲ್ಲ, ಜಿಯೋಫೋನ್ ಸಡಿಲವಾಗಿದೆ, ಇಲ್ಲವೇ ಹತ್ತಿರದಲ್ಲಿ ಯಂತ್ರವೊಂದು ಓಡುತ್ತಿದೆ ಎಂಬ ಮೂರರಲ್ಲಿ ಒಂದು ಇದ್ದೇ ಇರುತ್ತದೆ.

ಲಾರಿ ಹಾದುಹೋಗುವವರೆಗೆ ಕಾಯುವುದು ಸರಿ, ಆದರೆ ಸಂಪೂರ್ಣ ಮೌನಕ್ಕಾಗಿ ಕಾಯಬೇಕಿಲ್ಲ. ಪ್ರತಿ ಹೊಡೆತವನ್ನೂ ನೋಡಿ ಒಪ್ಪಿಕೊಳ್ಳುವ ಸೌಲಭ್ಯ ಉಪಕರಣದಲ್ಲಿದ್ದರೆ ಅದನ್ನು ಆನ್ ಮಾಡಿ. ಕೆಟ್ಟದ್ದನ್ನು ಸ್ಟ್ಯಾಕಿಗೆ ಸೇರಿಸಿದ ನಂತರ ಬೇರ್ಪಡಿಸಲು ಆಗುವುದಿಲ್ಲ.

ಟ್ರಿಗರ್ ಸ್ವಿಚ್ ಸಮ್ಮಟಿಗೆಯ ಹಿಡಿಯ ಮೇಲೆ, ತಲೆಯ ಹತ್ತಿರ ಬಿಗಿಯಾಗಿ ಸುತ್ತಿರಬೇಕು. ಅದರ ತಂತಿ ಹಿಡಿಯ ಉದ್ದಕ್ಕೂ ಟೇಪಿನಿಂದ ಅಂಟಿಕೊಂಡಿರಬೇಕು. ತಂತಿ ಜೋತಾಡಿದರೆ ಸಮ್ಮಟಿಗೆ ಬೀಸುವಾಗಲೇ ಉಪಕರಣ ಶುರುವಾಗಿಬಿಡುತ್ತದೆ. ಒಂದೇ ಸ್ಥಾನದ ಹೊಡೆತಗಳಲ್ಲಿ ಹಲಗೆಗೆ ಹತ್ತಿರದ ಜಿಯೋಫೋನಿನ ಮೊದಲ ಆಗಮನ ಹಿಂದುಮುಂದಾಗುತ್ತಿದ್ದರೆ ಟ್ರಿಗರ್ ಕೆಟ್ಟಿದೆ ಎಂದೇ ಅರ್ಥ. ಕೂಡಲೇ ಸ್ವಿಚ್ ಬದಲಿಸಿ. ಟ್ರಿಗರ್ ತಪ್ಪಿದ ಸ್ಟ್ಯಾಕಿನಲ್ಲಿ ಹೆಚ್ಚಿನ ಆವೃತ್ತಿಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಅವನ್ನು ಕಚೇರಿಯಲ್ಲಿ ಮರಳಿ ತರುವ ಉಪಾಯವಿಲ್ಲ.

ಹಂತ 6: ಕೀಳುವ ಮೊದಲು ದಾಖಲೆಯನ್ನು ಓದಿ

ಹತ್ತು ನಿಮಿಷದ ಈ ಹಂತವನ್ನು ಬಿಟ್ಟವರೇ ಮರುಭೇಟಿ ಮಾಡುವವರು. ಮೊದಲ ದೂರದ ಹೊಡೆತವನ್ನು ಪರದೆಯ ಮೇಲೆ ತೆರೆದು, ಎಡದಿಂದ ಬಲಕ್ಕೆ ಒಂದೊಂದೇ ರೇಖೆಯನ್ನು ನೋಡುತ್ತಾ ಹೋಗಿ. ಮೊದಲು ಬರುವುದು ಪಿ ಅಲೆ, ಸಣ್ಣದಾಗಿ, ಕಡಿದಾದ ಇಳಿಜಾರಿಲ್ಲದೆ. ಅದರ ಹಿಂದೆ ದೊಡ್ಡ ಏರಿಳಿತದ ಮೇಲ್ಮೈ ಅಲೆ, ದೂರ ಹೋದಂತೆ ಬೀಸಣಿಗೆಯ ಹಾಗೆ ಅಗಲವಾಗುತ್ತಾ ಹೋಗುವುದು. ಆ ಅಗಲವಾಗುವಿಕೆಯೇ ಬೇರೆ ಬೇರೆ ಆವೃತ್ತಿಗಳು ಬೇರೆ ಬೇರೆ ವೇಗದಲ್ಲಿ ಸಾಗುತ್ತಿರುವುದರ ಗುರುತು. ಅದು ಕಾಣದೆ ಎಲ್ಲವೂ ಒಂದೇ ಬಿಗಿಯಾದ ಗೆರೆಯಾಗಿದ್ದರೆ ಆಳದ ಮಾಹಿತಿ ಅದರಲ್ಲಿ ಹೆಚ್ಚಿಲ್ಲ ಎಂದು ತಿಳಿಯಬೇಕು.

ಎಚ್ಚರಿಕೆಯ ಗುರುತುಗಳು ಇವು. ಒಂದು ರೇಖೆ ಸತ್ತಂತೆ ನೇರವಾಗಿದ್ದರೆ ಕೊಂಡಿ ಬಿಟ್ಟಿದೆ. ಎಲ್ಲ ರೇಖೆಗಳಲ್ಲೂ 20 ಮಿಲಿಸೆಕೆಂಡಿಗೊಮ್ಮೆ ಅದೇ ಅಲೆ ಮರುಕಳಿಸುತ್ತಿದ್ದರೆ ಅದು ವಿದ್ಯುತ್ ತಂತಿಯ 50 ಹರ್ಟ್ಸ್. ಮೊದಲು ಕೇಬಲನ್ನು ತಂತಿಯಿಂದ ದೂರ ಸರಿಸಿ, ಒದ್ದೆಯಾದ ಕೊಂಡಿಯನ್ನು ಒರೆಸಿ, ಫಿಲ್ಟರ್ ಹಾಕುವುದನ್ನು ಕೊನೆಗೆ ಯೋಚಿಸಿ. ಸೆಕೆಂಡಿಗೆ ಸುಮಾರು 340 ಮೀಟರ್ ವೇಗದ ಚೂಪಾದ ಒಂದು ಗೆರೆ ಕಂಡರೆ ಅದು ಗಾಳಿಯಲ್ಲಿ ಬಂದ ಹೊಡೆತದ ಸದ್ದು. ಒಣ ಮಣ್ಣಿನ ಪಿ ಅಲೆಯ ವೇಗವೂ ಇದಕ್ಕೆ ಹತ್ತಿರವೇ ಇರಬಹುದಾದ್ದರಿಂದ ಇದನ್ನು ಮೊದಲ ಪದರವೆಂದು ತಿಳಿದು ಗುರುತಿಸುವ ತಪ್ಪು ಬಹಳ ಸಾಮಾನ್ಯ. ಹಲಗೆಯ ಸುತ್ತ ಮರಳಿನ ಚೀಲ ಇಟ್ಟರೆ ಸದ್ದು ತಗ್ಗುತ್ತದೆ.

ನಂತರ ಲ್ಯಾಪ್‌ಟಾಪಿನಲ್ಲಿ ಆ ಕಡತದ ಡಿಸ್ಪರ್ಷನ್ ಚಿತ್ರವನ್ನು, ಅಂದರೆ ಯಾವ ಆವೃತ್ತಿ ಯಾವ ವೇಗದಲ್ಲಿ ಸಾಗಿದೆ ಎಂಬ ಬಣ್ಣದ ಚಿತ್ರವನ್ನು, ಒಮ್ಮೆ ತೆಗೆಯಿರಿ. ಪಟ್ಟಿ ಎಡಕ್ಕೆ ಎಷ್ಟು ಹರ್ಟ್ಸ್‌ವರೆಗೆ ಸ್ಪಷ್ಟವಾಗಿದೆ ಎಂಬುದನ್ನು ನೋಡಿ, ಆ ವೇಗವನ್ನು ಆ ಆವೃತ್ತಿಯಿಂದ ಭಾಗಿಸಿ, ಅರ್ಧ ಮಾಡಿ. ಸಿಕ್ಕ ಸಂಖ್ಯೆ ನಿಮಗೆ ಬೇಕಾದ ಆಳವನ್ನು ಮುಟ್ಟಿದರೆ ಸಾಲು ಕೀಳಬಹುದು. ಮುಟ್ಟದಿದ್ದರೆ ಸಾಲು ಅಲ್ಲೇ ಇರಲಿ, ಮುಂದಿನ ಹಂತಕ್ಕೆ ಹೋಗಿ.

ಹಂತ 7: ತಗ್ಗು ಆವೃತ್ತಿಗೆ ಊರಿನ ಗದ್ದಲವನ್ನೇ ಬಳಸಿ

ಬಸ್ಸು, ಲಾರಿ, ಮೆಟ್ರೊ ಓಡುವ ನಗರದಲ್ಲಿ ನೆಲ ಯಾವಾಗಲೂ ತಗ್ಗು ಆವೃತ್ತಿಯಲ್ಲಿ ಅಲುಗುತ್ತಲೇ ಇರುತ್ತದೆ. ಸಮ್ಮಟಿಗೆ ಕೊಡಲಾಗದ 4ರಿಂದ 10 ಹರ್ಟ್ಸ್ ಪುಕ್ಕಟೆಯಾಗಿ ಸಿಗುವುದು ಅದರಿಂದ. ಸಾಲನ್ನು ಕದಲಿಸದೆ, 30 ಸೆಕೆಂಡಿನ ದಾಖಲೆಗಳನ್ನು ಒಟ್ಟು 15ರಿಂದ 20 ನಿಮಿಷ ತೆಗೆದರೆ ಸಾಕು. ಈ ಹೊತ್ತಿನಲ್ಲಿ ತಂಡದವರು ಸಾಲಿನ ಬಳಿ ಓಡಾಡಬಾರದು. ಹತ್ತಿರದ ಹೆಜ್ಜೆಯ ಸಪ್ಪಳ ದೂರದ ಲಾರಿಗಿಂತ ದೊಡ್ಡದಾಗಿ ದಾಖಲಾಗುತ್ತದೆ.

ಒಂದು ಮಿತಿಯನ್ನು ಮರೆಯಬಾರದು. ನೇರ ಸಾಲು ಸಾಲಿನ ದಿಕ್ಕಿನಲ್ಲೇ ಬರುವ ಅಲೆಗಳನ್ನು ಮಾತ್ರ ಸರಿಯಾಗಿ ಅಳೆಯುತ್ತದೆ. ಓರೆಯಾಗಿ ಬಂದ ಅಲೆ ನಿಜಕ್ಕಿಂತ ವೇಗವಾಗಿ ಸಾಗಿದಂತೆ ಕಾಣುತ್ತದೆ, ಹಾಗಾಗಿ ನೆಲ ಇರುವುದಕ್ಕಿಂತ ಗಡುಸೆಂದು ತೋರುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇದು ಕೆಟ್ಟ ಕಡೆಗೆ ಆಗುವ ತಪ್ಪು. ಆದ್ದರಿಂದ ಸಾಲನ್ನು ರಸ್ತೆಗೆ ಸಮಾನಾಂತರವಾಗಿ ಹಾಕಿ, ಇಲ್ಲವೇ ಜಾಗವಿದ್ದರೆ 12 ಜಿಯೋಫೋನುಗಳನ್ನು ತಿರುಗಿಸಿ ಇಂಗ್ಲಿಷಿನ ಎಲ್ ಅಕ್ಷರದ ಆಕಾರ ಮಾಡಿ. ಪ್ಯಾಸಿವ್ ದಾಖಲೆಯ ಡಿಸ್ಪರ್ಷನ್ ರೇಖೆ ಸಮ್ಮಟಿಗೆಯ ದಾಖಲೆಯ ರೇಖೆಯೊಂದಿಗೆ ನಡುವಿನ ಆವೃತ್ತಿಗಳಲ್ಲಿ ಒಂದರ ಮೇಲೊಂದು ಕೂತರೆ ಮಾತ್ರ ಎರಡನ್ನೂ ಜೋಡಿಸಬೇಕು.

ಹಂತ 8: ರಸ್ತೆಯಲ್ಲಿ ಎಳೆಯುವ ಸಾಲು

ಡಾಂಬರು ಅಥವಾ ಕಾಂಕ್ರೀಟ್ ರಸ್ತೆಯುದ್ದಕ್ಕೂ ನೂರಾರು ಮೀಟರ್ ಅಳೆಯಬೇಕಾದಾಗ ಮೊಳೆ ನೆಡುವ ಪ್ರಶ್ನೆಯೇ ಇಲ್ಲ. ಲಾರಿಗೆ ಸರಕು ಬಿಗಿಯುವ, ಹಿಗ್ಗದ ಪಟ್ಟಿಯೊಂದಕ್ಕೆ ಸಮಾನ ಅಂತರದಲ್ಲಿ ಭಾರವಾದ ಲೋಹದ ತಟ್ಟೆಗಳನ್ನು ಬೋಲ್ಟ್ ಹಾಕಿ, ಪ್ರತಿ ತಟ್ಟೆಯ ಮೇಲೆ ಮೊಳೆ ತೆಗೆದ ಜಿಯೋಫೋನನ್ನು ತಿರುಪಿನಿಂದ ಕೂರಿಸಿದರೆ ವಾಹನದ ಹಿಂದೆ ಎಳೆಯಬಹುದಾದ ಸಾಲು ಸಿದ್ಧ. ಸ್ಥಳೀಯ ಫ್ಯಾಬ್ರಿಕೇಷನ್ ಅಂಗಡಿಯಲ್ಲೇ ಇದನ್ನು ಮಾಡಿಸಬಹುದು. ತಟ್ಟೆ ಮೂರು ಕಾಲಿನ ಮೇಲೆ ನಿಲ್ಲುವಂತಿರಲಿ, ನಾಲ್ಕು ಕಾಲಿನದು ಏರುತಗ್ಗಿನ ನೆಲದಲ್ಲಿ ಒಂದು ಕಾಲು ಎತ್ತಿಕೊಂಡು ನಡುಗುತ್ತದೆ. ಎಳೆತದ ಬಲವೆಲ್ಲ ಪಟ್ಟಿಯ ಮೇಲೆ ಬೀಳಬೇಕು, ಕೇಬಲ್ ಸಡಿಲವಾಗಿ ಪಕ್ಕದಲ್ಲಿರಬೇಕು.

ನಿಲ್ಲಿಸಿ, ಎಂಜಿನ್ ಆರಿಸಿ, ಹೊಡೆದು, ದಾಖಲಿಸಿ, 4 ಅಥವಾ 6 ಮೀಟರ್ ಮುಂದಕ್ಕೆ ಎಳೆಯಿರಿ. ಸಾಲು ಮತ್ತು ಹೊಡೆತದ ನಡುವಿನ ದೂರ ಬದಲಾಗದಂತೆ ಹೊಡೆತದ ಸ್ಥಾನಕ್ಕೂ ಪಟ್ಟಿಯಲ್ಲೇ ಗುರುತಿರಲಿ. ಹುಲ್ಲು, ಉತ್ತ ಹೊಲ, ಜಲ್ಲಿಯ ರಾಶಿ ಇರುವಲ್ಲಿ ಈ ಉಪಾಯ ನಡೆಯುವುದಿಲ್ಲ. ರಸ್ತೆಯ ಗಟ್ಟಿ ಹೊದಿಕೆಯಿಂದಾಗಿ ಹೆಚ್ಚಿನ ಆವೃತ್ತಿಯ ಭಾಗ ಗೊಂದಲಮಯವಾಗಿರುತ್ತದೆ, ಮೇಲಿನ ಒಂದೆರಡು ಮೀಟರಿನ ವೇಗವನ್ನು ಇದರಿಂದ ಓದಬಾರದು. ರಸ್ತೆಯ ಅನುಮತಿ ಪತ್ರ, ಎಚ್ಚರಿಕೆಯ ಕೋನ್, ಪ್ರತಿಫಲಿಸುವ ಜಾಕೆಟ್ ಇಲ್ಲದೆ ಕೆಲಸಕ್ಕೆ ಇಳಿಯಬಾರದು.

ಹಂತ 9: ಸಂಸ್ಕರಣೆ

ತಂತ್ರಾಂಶದ ಖರ್ಚನ್ನು ಇಂದು ಪೂರ್ತಿಯಾಗಿ ಉಳಿಸಬಹುದು. ಮೇಲ್ಮೈ ಅಲೆಗೆ ಜಿಯೋಪ್ಸಿ, ವಕ್ರೀಭವನದ ಟೊಮೊಗ್ರಫಿಗೆ (ಆಗಮನದ ಸಮಯಗಳಿಂದ ನೆಲದೊಳಗಿನ ವೇಗದ ಚಿತ್ರ ಕಟ್ಟುವ ಲೆಕ್ಕಕ್ಕೆ) ಪೈಜಿಮ್ಲಿ ಉಚಿತವಾಗಿ ದೊರೆಯುತ್ತವೆ. ಕಲಿಯಲು ಕೆಲವು ವಾರ ಹಿಡಿಯುತ್ತದೆ, ಆ ಸಮಯವನ್ನು ಯೋಜನೆಯ ಒತ್ತಡವಿಲ್ಲದ ದಿನಗಳಲ್ಲಿ ಕೊಡಿ.

ವಕ್ರೀಭವನದಲ್ಲಿ ಮೊದಲ ಆಗಮನಗಳನ್ನು ಗುರುತಿಸಿ, ಕೈಯಿಂದ ಒಂದು ಸರಳ ಲೆಕ್ಕ ಮಾಡಿಕೊಂಡ ನಂತರವೇ ಟೊಮೊಗ್ರಫಿಗೆ ಹೋಗಿ. ಮೇಲ್ಪದರದ ವೇಗ ಸೆಕೆಂಡಿಗೆ 500, ಕೆಳಗಿನದು 2,500 ಮೀಟರ್ ಇದ್ದು, ದೂರಕ್ಕೆ ಎದುರಾಗಿ ಆಗಮನದ ಸಮಯ ಬರೆದ ನಕ್ಷೆಯಲ್ಲಿ ಆ ಎರಡು ಪದರಗಳ ಗೆರೆಗಳು 20 ಮೀಟರ್ ದೂರದಲ್ಲಿ ಕೂಡಿದರೆ, ಆಳವು ಆ ದೂರದ ಅರ್ಧವನ್ನು ವೇಗಗಳ ವ್ಯತ್ಯಾಸ ಮತ್ತು ಮೊತ್ತದ ಅನುಪಾತದ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ಸುಮಾರು 8.2 ಮೀಟರ್. ಟೊಮೊಗ್ರಫಿಯ ಬಣ್ಣದ ಚಿತ್ರ ಇದಕ್ಕೆ ತೀರಾ ಭಿನ್ನವಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆ ಚಿತ್ರವನ್ನು.

ಪಿ ಅಲೆಯ ವೇಗ 1,500ರ ಆಸುಪಾಸಿನಲ್ಲಿ ನಿಂತರೆ ಅದನ್ನು ಶಿಥಿಲ ಶಿಲೆಯೆಂದು ಬರೆಯುವ ಆತುರ ಬೇಡ. ನೀರು ತುಂಬಿದ ಮೆತ್ತನೆಯ ಮಣ್ಣೂ ಅಷ್ಟೇ ವೇಗ ತೋರಿಸುತ್ತದೆ. ಮುಚ್ಚಿಹೋದ ಕೆರೆಯಂಗಳಗಳ ಮೇಲೆ ಬಡಾವಣೆಗಳೆದ್ದಿರುವ ನಮ್ಮ ನಗರಗಳಲ್ಲಿ ಈ ತಪ್ಪು ದುಬಾರಿಯಾದೀತು. ಎಸ್ ಅಲೆಗೆ ನೀರಿನ ಪರಿಣಾಮ ಅಷ್ಟಾಗಿ ತಟ್ಟುವುದಿಲ್ಲ. ಒಂದೇ ಸಾಲಿನಿಂದ ತೆಗೆದ ಎರಡನೇ ದತ್ತಾಂಶ ಕೈಯಲ್ಲೇ ಇರುವುದರಿಂದ, ಅಲ್ಲಿ ಎಸ್ ವೇಗ 150 ಇದೆಯೋ 400 ಇದೆಯೋ ಎಂದು ನೋಡಿದರೆ ಅನುಮಾನ ತೀರುತ್ತದೆ.

ಡಿಸ್ಪರ್ಷನ್ ಚಿತ್ರದಲ್ಲಿ ಮೇಲ್ಮೈ ಅಲೆಯ ರೇಖೆಯನ್ನು ಗುರುತಿಸುವಾಗ ಪಟ್ಟಿ ಸ್ಪಷ್ಟವಾಗಿರುವಷ್ಟೇ ಭಾಗವನ್ನು ಆರಿಸಿ. ಮಸುಕಾದ ಕಡೆಗೆ ರೇಖೆಯನ್ನು ಊಹೆಯಿಂದ ಎಳೆದರೆ ಇನ್ವರ್ಷನ್ (ರೇಖೆಯಿಂದ ಹಿಂದಕ್ಕೆ ಹೋಗಿ ಪದರಗಳ ವೇಗ ಮತ್ತು ದಪ್ಪವನ್ನು ಕಂಡುಹಿಡಿಯುವ ಲೆಕ್ಕ) ಆ ಊಹೆಗೆ ತಕ್ಕ ನೆಲವನ್ನೇ ಕಟ್ಟಿಕೊಡುತ್ತದೆ. ರೇಖೆ ಒಮ್ಮೆಲೇ ಮೇಲಕ್ಕೆ ಜಿಗಿದರೆ ನೀವು ಮೂಲ ಅಲೆಯಿಂದ (ಫಂಡಮೆಂಟಲ್ ಮೋಡ್) ಮೇಲಿನ ಅಲೆಗೆ (ಹೈಯರ್ ಮೋಡ್) ದಾಟಿದ್ದೀರಿ ಎಂದು ತಿಳಿಯಿರಿ, ಗಟ್ಟಿ ಮುರಕಲ್ಲು ಮೇಲಿರುವ ಕಡೆ ಇದು ಹೆಚ್ಚು. 10 ಮತ್ತು 20 ಮೀಟರ್ ದೂರದ ಹೊಡೆತಗಳ ರೇಖೆಗಳು ಒಂದರ ಮೇಲೊಂದು ಕೂರುವ ಭಾಗವೇ ನಂಬಬಹುದಾದ ಭಾಗ. ತಗ್ಗು ಆವೃತ್ತಿಯಲ್ಲಿ ಹತ್ತಿರದ ಹೊಡೆತದ ವೇಗ ದೂರದ್ದಕ್ಕಿಂತ ಕೆಳಗಿಳಿದರೆ, ಅಲೆ ಇನ್ನೂ ರೂಪುಗೊಳ್ಳುವ ಮೊದಲೇ ಅದನ್ನು ಅಳೆದಿದ್ದೀರಿ.

ಇನ್ವರ್ಷನ್‌ಗೆ ಐದಾರು ಪದರ ಸಾಕು. ನೀರಿನ ಮಟ್ಟ ಮತ್ತು ಬಂಡೆಯ ಆಳವನ್ನು ವಕ್ರೀಭವನದಿಂದ ತಂದು ಆರಂಭಿಕ ಮಾದರಿಯಲ್ಲಿ ಇಡಿ. ಒಂದೇ ರೇಖೆಗೆ ಹೊಂದುವ ಮಾದರಿಗಳು ಹಲವು ಇರುವುದರಿಂದ, ಒಂದೇ ಗೆರೆಯ ಬದಲು ಹೊಂದುವ ಮಾದರಿಗಳ ಪಟ್ಟೆಯನ್ನೇ ವರದಿಯಲ್ಲಿ ತೋರಿಸಿ.

ಹಂತ 10: ಬೋರ್ ಜೊತೆ ತಾಳೆ ನೋಡಿ, ವರದಿ ಕೊಡಿ

ಸಮೀಕ್ಷೆಯನ್ನು ಬೋರ್ ಕೊರೆಯುವ ಮೊದಲು ಮಾಡಿದರೆ ಅತಿ ಹೆಚ್ಚು ಹಣ ಉಳಿಯುತ್ತದೆ. ಎಲ್ಲ ಸಾಲುಗಳೂ ಒಂದೇ ಬಗೆಯ ವೇಗ ತೋರಿಸಿದ ಭಾಗಕ್ಕೆ ಒಂದು ಬೋರ್, ವೇಗ ಒಮ್ಮೆಲೇ ಬದಲಾದ ಕಡೆಗೆ ಇನ್ನೊಂದು ಎಂದು ಜಾಗ ಗೊತ್ತುಮಾಡಬಹುದು. ಬೋರ್ ಅನ್ನು ಪೂರ್ತಿ ಬಿಡುವುದು ಮಾತ್ರ ಸಲ್ಲದು. ಕನಿಷ್ಠ ಒಂದಾದರೂ ಸಾಲಿನ ಮೇಲೆಯೇ ಇರಬೇಕು, ಅದರ ಎಸ್‌ಪಿಟಿ ಎಣಿಕೆಯೊಂದಿಗೆ (ಬೋರಿನೊಳಗೆ ಕೊಳವೆಯನ್ನು ಮಣ್ಣಿಗಿಳಿಸಲು ಬೇಕಾದ ಹೊಡೆತಗಳ ಸಂಖ್ಯೆಯೊಂದಿಗೆ) ವೇಗಗಳನ್ನು ಹೋಲಿಸಬೇಕು. ಬೆಂಗಳೂರಿನ ಸುತ್ತ ಶಿಥಿಲ ಮಣ್ಣಿನೊಳಗೆ ದೊಡ್ಡ ಗುಂಡುಕಲ್ಲುಗಳು ಉಳಿದಿರುತ್ತವೆ. ಬೋರ್ ಅಂತಹ ಕಲ್ಲಿಗೆ ತಾಗಿ ನಿಂತಾಗ, ಅದು ತಳಬಂಡೆಯೋ ಅಲ್ಲವೋ ಎಂಬುದಕ್ಕೆ ಉತ್ತರ ಕೊಡುವುದು ಸಾಲಿನ ಉದ್ದಕ್ಕೂ ಸಿಕ್ಕ ವೇಗವೇ.

ಮೇಲಿನ 30 ಮೀಟರಿನ ಸರಾಸರಿ ಎಸ್ ವೇಗವನ್ನು ವೇಗಗಳ ನೇರ ಸರಾಸರಿಯಾಗಿ ತೆಗೆಯಬಾರದು. ಪ್ರತಿ ಪದರದ ದಪ್ಪವನ್ನು ಅದರ ವೇಗದಿಂದ ಭಾಗಿಸಿ, ಬಂದ ಸಮಯಗಳನ್ನು ಕೂಡಿಸಿ, 30ನ್ನು ಆ ಮೊತ್ತದಿಂದ ಭಾಗಿಸಬೇಕು. 5 ಮೀಟರ್ ದಪ್ಪದ ಪದರಕ್ಕೆ 200, ಮುಂದಿನ 10 ಮೀಟರಿಗೆ 350, ಉಳಿದ 15 ಮೀಟರಿಗೆ 700 ಎಂದಾದರೆ ಒಟ್ಟು ಸಮಯ 0.075 ಸೆಕೆಂಡ್, ಸರಾಸರಿ ವೇಗ ಸೆಕೆಂಡಿಗೆ 400 ಮೀಟರ್. ಭೂಕಂಪ ವಿನ್ಯಾಸಕ್ಕಾಗಿ ಅಮೆರಿಕದಲ್ಲಿ ರೂಪಿಸಿದ ಎನ್‌ಇಎಚ್‌ಆರ್‌ಪಿ ವರ್ಗೀಕರಣದಲ್ಲಿ 2020ರ ಪರಿಷ್ಕರಣೆಗೆ ಮೊದಲು ಇದ್ದ 180, 360, 760 ಎಂಬ ಗಡಿಗಳಲ್ಲಿ ಇದು 360ಕ್ಕೂ 760ಕ್ಕೂ ನಡುವಿನ ಸಿ ವರ್ಗಕ್ಕೆ ಬೀಳುತ್ತದೆ. ನಿಮ್ಮ ದತ್ತಾಂಶ 20 ಮೀಟರಿಗೇ ನಿಂತಿದ್ದರೆ ಕೆಳಗಿನ 10 ಮೀಟರನ್ನು ಊಹಿಸಿ ತುಂಬಬೇಡಿ. ಎಷ್ಟು ಆಳದವರೆಗೆ ಅಳೆದಿದೆ ಎಂದು ಮೊದಲ ಪುಟದಲ್ಲೇ ಬರೆಯಿರಿ.

ವರದಿಯ ಜೊತೆ ಮೂಲ ಕಡತಗಳನ್ನೂ, ಪ್ರತಿ ಕಡತದ ಸಂಖ್ಯೆ, ಹೊಡೆತದ ಸ್ಥಾನ, ಸ್ಟ್ಯಾಕ್ ಎಣಿಕೆ ಇರುವ ಕ್ಷೇತ್ರ ಪುಸ್ತಕದ ಪುಟಗಳ ಫೋಟೋವನ್ನೂ ಸಾಲಿನ ಎರಡು ತುದಿಗಳ ಅಕ್ಷಾಂಶ ರೇಖಾಂಶವನ್ನೂ ಕೊಡಬೇಕು. ಪಕ್ಕದ ನಿವೇಶನಕ್ಕೆ ಮುಂದೊಂದು ದಿನ ಸಮೀಕ್ಷೆ ಬೇಕಾದಾಗ ಈ ಕಡತಗಳಿದ್ದರೆ ಅಲ್ಲಿನ ಸಾಲುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಲು ಸಾಧ್ಯವಾದೀತು. ಹೊಡೆತದ ಸ್ಥಾನ ಬರೆದಿಡದ ಕಡತದಿಂದ ಯಾರಿಗೂ ಉಪಯೋಗವಿಲ್ಲ.